ಚಪ್ಪಲಿಯನ್ನು ಒಮ್ಮೆ ತಿರುಗಿಸಿ ನೋಡಿ



ಚಪ್ಪಲಿ ಅಂಗಡಿಗೆ ಹೋದವರು ಏನು ಮಾಡುತ್ತಾರೆ? ಮೇಲಿನ ಪಟ್ಟಿಯ ಬಣ್ಣ ನೋಡುತ್ತಾರೆ. ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಾಡುತ್ತಾರೆ. ಕೆಳಗಿಟ್ಟ ಕನ್ನಡಿಯಲ್ಲಿ ಕಾಲನ್ನು ಒಮ್ಮೆ ನೋಡಿಕೊಂಡು ಚೌಕಾಸಿಗೆ ಇಳಿಯುತ್ತಾರೆ. ತಿರುಗಿಸಿ ಅಟ್ಟೆ ನೋಡುವವರು ಅಪರೂಪ. ಕಾರ್ಖಾನೆಯ ಚಪ್ಪಲಿಗಾದರೆ ಅದು ನಡೆದೀತು, ಕೈಯಲ್ಲಿ ಮಾಡಿದ ಚರ್ಮದ ಚಪ್ಪಲಿಗೆ ನಡೆಯದು. ಅದರ ದುಡಿಮೆ, ಬಾಳಿಕೆ, ಬೆಲೆ ಮೂರೂ ಇರುವುದು ಅಟ್ಟೆಯಲ್ಲೇ.

ಕೊಲ್ಹಾಪುರಿ ಚಪ್ಪಲಿ ಯಾರಿಗೆ ಗೊತ್ತಿಲ್ಲ? ಕಾಲೇಜಿನ ಹುಡುಗರಿಂದ ಹಿಡಿದು ಪಂಚೆಯುಟ್ಟ ಯಜಮಾನರವರೆಗೆ ಎಲ್ಲರ ಕಾಲಿಗೂ ಒಪ್ಪುವ ಚಪ್ಪಲಿ ಅದು. ಹೆಸರು ಕೊಲ್ಹಾಪುರದ್ದು ನಿಜ. ಆದರೆ ಮಾಡುವ ಕೈಗಳಲ್ಲಿ ಬಹಳಷ್ಟು ನಮ್ಮ ಬೆಳಗಾವಿ ಜಿಲ್ಲೆಯವು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಸುತ್ತಮುತ್ತ ತಲೆಮಾರುಗಳಿಂದ ಈ ಕೆಲಸ ನಡೆದಿದೆ. ಅಥಣಿ ತಾಲ್ಲೂಕಿನ ಮದಭಾವಿಯಂಥ ಊರಲ್ಲಿ ಸಮಗಾರರ ಓಣಿಗೆ ಹೋದರೆ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ತಿಳಿಯದು. ಪಡಸಾಲೆಯೇ ಕೆಲಸದ ಜಾಗ, ಅಂಗಳವೇ ಒಣಗಿಸುವ ಜಾಗ. ಗಡಿಯಾಚೆ ಕೊಲ್ಹಾಪುರ ದೊಡ್ಡ ಪೇಟೆ. ಮಹಾಲಕ್ಷ್ಮಿಯ ದರ್ಶನಕ್ಕೆ ಬಂದವರು ಒಂದು ಜೋಡಿ ಕೊಳ್ಳದೆ ಹೋಗುವುದಿಲ್ಲ. ಶಾಹು ಮಹಾರಾಜರ ಆಳ್ವಿಕೆಯಲ್ಲಿ, ಅಂದರೆ 1894ರಿಂದ 1922ರ ನಡುವೆ, ಅಲ್ಲಿ ಚರ್ಮದ ಕೆಲಸಕ್ಕೆ ಸಂಸ್ಥಾನದ ಆಸರೆಯೂ ಸಿಕ್ಕಿತು. ಹೀಗೆ ಪೇಟೆಯಿದ್ದ ಊರಿನ ಹೆಸರು ಮಾಲಿಗೆ ಅಂಟಿಕೊಂಡಿತು. ಮಾಡಿದ ಊರಿನ ಹೆಸರು ಹಿಂದೆ ಉಳಿಯಿತು.

ಹಿಂದೆ ಈ ಕಸುಬಿಗೆ ಪೇಟೆಯ ಹಂಗೇ ಇರಲಿಲ್ಲ. ಊರಿನ ಆಯಗಾರರಲ್ಲಿ ಚರ್ಮದ ಕೆಲಸದವರೂ ಒಬ್ಬರು. ಎತ್ತಿನ ಕೊರಳಿಗೆ ಪಟ್ಟಿ, ಬಾರುಕೋಲಿಗೆ ಬಾರು, ಬಂಡಿಗೆ ಮಿಣಿ, ಕಪಿಲೆ ಬಾವಿಗೆ ತೊಗಲಿನ ಬಾನಿ, ಮನೆಮಂದಿಗೆಲ್ಲ ಕಾಲಿನ ಜೋಡು, ಇವೆಲ್ಲ ಅವರ ಕೈಯವು. ಸುಗ್ಗಿಯಲ್ಲಿ ಕಣದಿಂದ ಕಾಳು ಬರುತ್ತಿತ್ತು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಕಾಳು ಕೊಡುವವನು ಮೇಲೆ ನಿಂತು ಸುರಿಯುತ್ತಿದ್ದ, ಇಸಿದುಕೊಳ್ಳುವವನು ಕೆಳಗೆ ನಿಂತು ಸೆರಗೊಡ್ಡುತ್ತಿದ್ದ. ಆದರೆ ಒಂದು ಮಾತು ಮಾತ್ರ ನಿಜ. ಮಾಡುವವನಿಗೆ ಹಾಕುವವನ ಕಾಲು ಗೊತ್ತಿತ್ತು. ಗೌಡರ ಬಲಗಾಲಿನ ಹೆಬ್ಬೆರಳು ಹೊರಕ್ಕೆ ವಾಲಿದೆ, ಕುರುಬರ ಹುಡುಗ ಹಿಮ್ಮಡಿ ತುಳಿದು ನಡೆಯುತ್ತಾನೆ ಎಂಬುದೆಲ್ಲ ಅವನ ಬೆರಳಿಗೆ ನೆನಪಿರುತ್ತಿತ್ತು. ಪಂಪ್‌ಸೆಟ್ಟು ಬಂದು ಬಾನಿ ಹೋಯಿತು. ನೈಲಾನ್ ಹಗ್ಗ ಬಂದು ಮಿಣಿ ಹೋಯಿತು. ಉಳಿದದ್ದು ಚಪ್ಪಲಿ ಒಂದೇ.

ಆ ಚಪ್ಪಲಿ ಶುರುವಾಗುವುದು ತೊಗಲಿನಿಂದ. ತೊಗಲು ಹದವಾಗುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೆಲೆಯ ಗುಟ್ಟು ಅಲ್ಲೇ ಇದೆ.

ಹಸಿ ತೊಗಲು ಬಂದ ಕೂಡಲೇ ಉಪ್ಪು ಸವರಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಆಮೇಲೆ ನೀರಲ್ಲಿ ತೊಳೆದು ಸುಣ್ಣದ ತೊಟ್ಟಿಗೆ ಬಿಡುತ್ತಾರೆ. ಸುಣ್ಣ ಕೂದಲಿನ ಬೇರು ಸಡಿಲಿಸುತ್ತದೆ, ತೊಗಲನ್ನು ಉಬ್ಬಿಸುತ್ತದೆ. ಕೆಲವು ದಿನ ಕಳೆದ ಮೇಲೆ ಹೊರತೆಗೆದು ಮೊಂಡ ಕತ್ತಿಯಿಂದ ಒಂದು ಮೈಯ ಕೂದಲನ್ನೂ ಇನ್ನೊಂದು ಮೈಯ ಕೊಬ್ಬು ಮಾಂಸವನ್ನೂ ಹೆರೆಯುತ್ತಾರೆ. ಮತ್ತೆ ಮತ್ತೆ ತೊಳೆದು ಸುಣ್ಣ ಬಿಡಿಸುತ್ತಾರೆ. ಇಷ್ಟಾದರೂ ಅದಿನ್ನೂ ತೊಗಲೇ, ಚರ್ಮವಲ್ಲ. ಹಾಗೇ ಬಿಟ್ಟರೆ ಒಣಗಿ ಹಪ್ಪಳವಾಗುತ್ತದೆ, ನೆನೆದರೆ ನಾರುತ್ತದೆ.

ಅದನ್ನು ಚರ್ಮ ಮಾಡುವುದು ಜಾಲಿಮರದ ತೊಗಟೆ ಮತ್ತು ಅಳಲೆಕಾಯಿ. ಎರಡರಲ್ಲೂ ಟ್ಯಾನಿನ್ ಎಂಬ ಒಗರಿನ ಅಂಶ ತುಂಬಿದೆ. ಹಸಿ ಅಳಲೆಕಾಯಿ ಕಚ್ಚಿ ನೋಡಿ, ಬಾಯಿಯ ಒಳಮೈ ಬಿಗಿದುಕೊಳ್ಳುತ್ತದೆ. ತೊಗಲಿನ ಎಳೆಗಳಿಗೆ ಆಗುವುದೂ ಅದೇ. ಆ ಒಗರು ಎಳೆ ಎಳೆಗೂ ಇಳಿದು, ಅವನ್ನು ಬಿಗಿದು, ಕೊಳೆಯದಂತೆ ಕಾಯುತ್ತದೆ. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದ ಹಾಗೆ ಹೊಲಿಯುತ್ತಾರೆ. ಒಳಗೆ ಜಜ್ಜಿದ ತೊಗಟೆ ತುಂಬಿ, ತೊಗಟೆಯ ಕಷಾಯ ಸುರಿದು ಕಂಬಕ್ಕೆ ತೂಗುಹಾಕುತ್ತಾರೆ. ಕಷಾಯ ತೊಗಲಿನ ರಂಧ್ರಗಳ ಮೂಲಕ ಜಿನುಗಿ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಬೀಳುತ್ತದೆ. ಬಿದ್ದದ್ದನ್ನು ಮತ್ತೆ ಮೇಲಕ್ಕೆ ಸುರಿಯಬೇಕು. ಕೆಲವು ದಿನವಾದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಕಟ್ಟಬೇಕು, ಮೊದಲು ಬಾಯಿಯಿದ್ದ ಕಡೆಗೂ ಹದ ಇಳಿಯಲಿ ಎಂದು. ಎಲ್ಲ ಮುಗಿಯುವ ಹೊತ್ತಿಗೆ ಒಂದು ತಿಂಗಳಾದರೂ ಸರಿದಿರುತ್ತದೆ. ಹದ ಆಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅಂಚನ್ನು ಒಂದಿಷ್ಟು ಕೊಯ್ದು ನೋಡುತ್ತಾರೆ. ಕೊಯ್ದ ಮೈ ಮೇಲಿಂದ ಕೆಳಗಿನವರೆಗೆ ಒಂದೇ ಕಂದು ಬಣ್ಣವಿದ್ದರೆ ಆಯಿತು. ನಡುವೆ ಬಿಳಿಯ ಗೆರೆ ಕಂಡರೆ ಕಷಾಯ ಅಲ್ಲಿಗೆ ತಲುಪಿಲ್ಲ, ಮತ್ತೆ ತೂಗುಹಾಕಬೇಕು.

ಈಗಿನ ಚರ್ಮೋದ್ಯಮದ ಬಹುಪಾಲು ಕ್ರೋಮಿಯಂ ಲವಣದಿಂದ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ವಿಧಾನ ಅದು. ತಿಂಗಳ ಕೆಲಸ ಒಂದೆರಡು ದಿನಕ್ಕೆ ಇಳಿಯುತ್ತದೆ. ಚರ್ಮ ಮೆತ್ತಗಿರುತ್ತದೆ, ನೀರಿಗೆ ಅಂಜುವುದಿಲ್ಲ. ಬೂಟಿನ ಮೇಲ್ಭಾಗಕ್ಕೆ, ಕೈಚೀಲಕ್ಕೆ ಅದು ಒಳ್ಳೆಯದೇ. ನಾನು ಅದರ ವೈರಿಯಲ್ಲ. ಆದರೆ ಕೊಲ್ಹಾಪುರಿಯ ಅಟ್ಟೆಗೆ ಬೇಕಾದ ಗಟ್ಟಿತನ, ಕಾಲಿನ ಬಿಸಿಗೂ ಬೆವರಿಗೂ ಒಗ್ಗಿ ತಿಂಗಳೊಪ್ಪತ್ತಿನಲ್ಲಿ ಹಾಕುವವರ ಪಾದದ ಅಚ್ಚನ್ನೇ ಪಡೆದುಕೊಳ್ಳುವ ಗುಣ, ಇವು ತೊಗಟೆಯಲ್ಲಿ ಹದವಾದ ಚರ್ಮಕ್ಕೇ ಇರುವುದು.

ತೊಗಲು ಹದ ಮಾಡುವವರು ಬೇರೆ, ಚಪ್ಪಲಿ ಮಾಡುವವರು ಬೇರೆ. ಅಥಣಿ ಕಡೆ ಹದ ಮಾಡುವವರು ಡೋಹರರು, ಚಪ್ಪಲಿ ಮಾಡುವವರು ಸಮಗಾರರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯನಿದ್ದ, ಸಮಗಾರ ಹರಳಯ್ಯನೂ ಇದ್ದ ಎಂಬುದನ್ನು ನೆನಪು ಮಾಡಿಕೊಳ್ಳಿ. ಕಸುಬಿನ ಈ ಎರಡು ಮೆಟ್ಟಿಲುಗಳು ಎಂಟುನೂರು ವರ್ಷದ ಹಿಂದೆಯೇ ಹಾಗೆ ಇದ್ದವು. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದುಕೆ ಮಾಡಿ ಬಸವಣ್ಣನವರಿಗೆ ಒಪ್ಪಿಸಿದ ಕಥೆಯನ್ನು ನಾವು ಕಣ್ಣೊದ್ದೆ ಮಾಡಿಕೊಂಡು ಕೇಳುತ್ತೇವೆ. ಕೇಳಿ ಎದ್ದು ಬಂದವರೇ ಸಂತೆಯಲ್ಲಿ ಹರಳಯ್ಯನ ವಂಶದವರ ಹತ್ತಿರ ಐವತ್ತು ರೂಪಾಯಿಗೆ ಅರ್ಧ ಗಂಟೆ ಜಗಳ ಕಾಯುತ್ತೇವೆ.

ಈಗ ಪಡಸಾಲೆಗೆ ಬರೋಣ. ಹದವಾದ ಎಮ್ಮೆ ಇಲ್ಲವೆ ಕೋಣದ ದಪ್ಪ ಚರ್ಮ ಅಟ್ಟೆಗೆ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲ. ಒಳ್ಳೆಯ ಕೆಲಸಗಾರ ಬೆನ್ನಿನ ಭಾಗವನ್ನು ಅಟ್ಟೆಗೆ ಎತ್ತಿಟ್ಟು, ಹೊಟ್ಟೆಯ ಭಾಗವನ್ನು ಒಳಪದರಕ್ಕೆ ಬಳಸುತ್ತಾನೆ. ಲಾಭದ ಆಸೆಗೆ ಬಿದ್ದವನು ಇದನ್ನು ಅದಲು ಬದಲು ಮಾಡುತ್ತಾನೆ. ಅಂಗಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಆರು ತಿಂಗಳಾದ ಮೇಲೆ ಹಿಮ್ಮಡಿ ಸವೆದಾಗ ಗೊತ್ತಾಗುತ್ತದೆ.

ಚರ್ಮವನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಅಳತೆಯ ಅಚ್ಚಿಟ್ಟು ಗೆರೆ ಎಳೆದು, ರಾಪಿಯಿಂದ ಕೊಯ್ಯುತ್ತಾರೆ. ರಾಪಿ ಎಂದರೆ ಅಗಲ ಬಾಯಿಯ ಕತ್ತಿ. ಹಿಡಿಯುವುದು ಅಂಗೈಯಲ್ಲಿ, ನೂಕುವುದು ಭುಜದ ಬಲದಿಂದ. ಕೊಯ್ದ ತುಂಡನ್ನು ಅಡಿಗಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿಯುತ್ತಾರೆ. ಈ ಬಡಿತ ಬರಿ ಸದ್ದಲ್ಲ. ಸಡಿಲವಾಗಿದ್ದ ಎಳೆಗಳು ಒತ್ತಾಗಿ ಕೂರುವುದು, ಅಟ್ಟೆ ಸವೆಯದೆ ನಿಲ್ಲುವುದು ಇದರಿಂದಲೇ. ಆಮೇಲೆ ಅಂಚನ್ನು ರಾಪಿಯಿಂದ ಓರೆಯಾಗಿ ತೆಳುಮಾಡುತ್ತಾರೆ, ಎರಡು ಪದರ ಕೂಡುವಲ್ಲಿ ದಪ್ಪ ಕಾಣಬಾರದು.

ಮೇಲಿನ ಅಟ್ಟೆ, ಕೆಳಗಿನ ಅಟ್ಟೆ, ನಡುವೆ ಹಿಮ್ಮಡಿಯ ಹತ್ತಿರ ಮತ್ತೊಂದೆರಡು ತುಂಡು. ಎರಡು ಬದಿಗೆ ಎರಡು ಕಿವಿ. ಕಿವಿಗಳ ಬುಡ ಎರಡು ಅಟ್ಟೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಕಿವಿಗಳ ಮೇಲೆ ಪಟ್ಟಿ, ಪಟ್ಟಿಯ ಮುಂದೆ ಹೆಬ್ಬೆರಳಿಗೆ ಉಂಗುಟ. ಇವನ್ನೆಲ್ಲ ಕೂಡಿಸುವುದು ಮೊಳೆಯಲ್ಲ, ನೂಲಲ್ಲ, ಚರ್ಮದ್ದೇ ಸಣ್ಣ ಬಾರು. ಆರಿಯಿಂದ ತೂತು ಮಾಡುತ್ತಾ, ಒದ್ದೆ ಬಾರನ್ನು ಎಳೆದು ಬಿಗಿಯುತ್ತಾ ಸುತ್ತಲೂ ಹೊಲಿಯುತ್ತಾರೆ. ಒಣಗಿದಾಗ ಬಾರೂ ಕುಗ್ಗುತ್ತದೆ, ತೂತೂ ಕುಗ್ಗುತ್ತದೆ, ಹೊಲಿಗೆ ಇನ್ನಷ್ಟು ಬಿಗಿಯುತ್ತದೆ. ಕಬ್ಬಿಣದ ಮೊಳೆ ಹೊಡೆಯದಿರುವುದಕ್ಕೆ ಇನ್ನೊಂದು ಅನುಕೂಲವೂ ಇದೆ. ಕಬ್ಬಿಣ ತಾಕಿದರೆ ಟ್ಯಾನಿನ್ ಕಪ್ಪಾಗುತ್ತದೆ, ಮೊಳೆಯ ಸುತ್ತ ಶಾಯಿ ಚೆಲ್ಲಿದಂಥ ಕಲೆ ಏಳುತ್ತದೆ. ಹಿಂದಿನವರು ಅಳಲೆಕಾಯಿಗೆ ಕಬ್ಬಿಣದ ಅಂಶ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣ ಹಿಡಿದು.

ಒಂದು ಜೋಡಿಯ ಹಿಂದೆ ಎಷ್ಟು ಕೈ ಇರುತ್ತವೆ ಎಂಬುದಕ್ಕೆ ಜಡೆಯನ್ನು ನೋಡಬೇಕು. ಪಟ್ಟಿಯ ಮೇಲೆ ಓಡುವ ಸಣ್ಣ ಹೆಣಿಗೆ ಅದು. ಆಡಿನ ಚರ್ಮವನ್ನು ಎಳೆ ಎಳೆಯಾಗಿ ಸೀಳಿ ಹೆಣೆಯುತ್ತಾರೆ. ಈ ಕೆಲಸ ಬಹುತೇಕ ಹೆಂಗಸರದ್ದು. ಗೋಡೆಗೊರಗಿ ಕೂತ ಅಜ್ಜಿ ಎಳೆಗಳ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿರುತ್ತಾಳೆ. ಬಾಯಲ್ಲಿ ಎಲೆಯಡಿಕೆ, ಕಣ್ಣು ಬೀದಿಯ ಮೇಲೆ, ಬೆರಳು ಮಾತ್ರ ಒಂದರ ಮೇಲೊಂದು ಎಳೆ ಹಾಕುತ್ತಲೇ ಇರುತ್ತದೆ. ನಡುವೆ ಮೊಮ್ಮಗ ಬಂದು, ‘ಆಯೀ, ಹತ್ತ ರೂಪಾಯಿ ಕೊಡ’ ಅಂದರೆ, ಹೆಣಿಗೆ ನಿಲ್ಲಿಸದೆ, ‘ನಿಮ್ಮಪ್ಪನ್ನ ಕೇಳ್ ಹೋಗ’ ಅನ್ನುತ್ತಾಳೆ. ಒಂದು ಎಳೆ ಸಡಿಲವಾದರೂ ಅವಳ ಕೈಗೆ ತಿಳಿಯುತ್ತದೆ, ಬಿಚ್ಚಿ ಮತ್ತೆ ಹಾಕುತ್ತಾಳೆ. ಅಟ್ಟೆ ಹೊಲಿಯುವುದರಲ್ಲೂ ಹೆಂಗಸರ ಪಾಲು ದೊಡ್ಡದು. ಲೆಕ್ಕ ಬರೆಯುವಾಗ ಮಾತ್ರ ಈ ಕೂಲಿ ಎಲ್ಲೂ ಬರೆದಿರುವುದಿಲ್ಲ. ಮನೆಗೆಲಸದ ಜೊತೆ ಇದೂ ಒಂದು ಎಂದು ಸೇರಿಹೋಗಿರುತ್ತದೆ.

ಬಗೆಗಳು ಹಲವು. ಕಾಪಶಿ, ಕುರುಂದವಾಡ ಊರಿನ ಹೆಸರಿನವು. ಶಾಹು, ಗಾಂಧಿ ದೊಡ್ಡವರ ಹೆಸರಿನವು. ಗಾಂಧೀಜಿಯವರ ಮಾತು ಬಂದದ್ದರಿಂದ ಹೇಳುತ್ತೇನೆ, ಅವರು ಚಪ್ಪಲಿ ಹಾಕಿದವರಷ್ಟೇ ಅಲ್ಲ, ಮಾಡಿದವರು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಗೆಳೆಯ ಕ್ಯಾಲನ್‌ಬಾಕ್ ಅವರಿಂದ ಚಪ್ಪಲಿ ಹೊಲಿಯುವುದನ್ನು ಕಲಿತರು. 1914ರಲ್ಲಿ ಆ ದೇಶ ಬಿಡುವಾಗ, ತಮ್ಮನ್ನು ಜೈಲಿಗಟ್ಟಿದ್ದ ಜನರಲ್ ಸ್ಮಟ್ಸ್ ಅವರಿಗೆ ತಾವೇ ಮಾಡಿದ ಒಂದು ಜೊತೆ ಕೊಟ್ಟರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ಹಾಕಿಕೊಂಡು, 1939ರಲ್ಲಿ ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬದ ಹೊತ್ತಿಗೆ ಹಿಂತಿರುಗಿಸಿದರು. ಇಷ್ಟು ವರ್ಷ ಬಾಳಿದ್ದನ್ನು ಕೇಳಿದರೆ ಆ ವಕೀಲರ ಹೊಲಿಗೆ ಕಳಪೆಯಿರಲಿಲ್ಲ ಅನಿಸುತ್ತದೆ.

ಕೊನೆಯ ಕೈ ಎಂಬುದೊಂದಿದೆ. ಅದನ್ನು ಅವಸರದಲ್ಲಿ ಮುಗಿಸಿದರೆ ಒಳ್ಳೆಯ ಚಪ್ಪಲಿಯೂ ಕಳಪೆ ಕಾಣುತ್ತದೆ. ಅಟ್ಟೆಯ ಅಂಚನ್ನು ರಾಪಿಯಿಂದ ಸಮ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ, ನುಣುಪು ಮರದ ತುಂಡಿನಿಂದ ಗಸಗಸ ಉಜ್ಜಬೇಕು. ಉಜ್ಜಿದ ಬಿಸಿಗೆ ಬಿಡಿ ಎಳೆಗಳು ಕೂಡಿಕೊಂಡು ಅಂಚು ಗಾಜಿನಂತೆ ಮಿನುಗುತ್ತದೆ. ಬಣ್ಣ ಬಳಿದೂ ಹೊಳಪು ತರಬಹುದು, ಎರಡು ವಾರದಲ್ಲಿ ಸಿಪ್ಪೆ ಏಳುತ್ತದೆ. ಆಮೇಲೆ ಎಣ್ಣೆ. ಬಹಳ ಹಾಕಿದರೆ ಚರ್ಮ ಜೋತುಬೀಳುತ್ತದೆ, ಹಾಕದಿದ್ದರೆ ಬಿರುಕು ಬಿಡುತ್ತದೆ. ನೆರಳಲ್ಲಿ ಒಣಗಿಸಬೇಕು. ಹೊಸ ಚಪ್ಪಲಿಯ ಬಣ್ಣ ತಿಳಿ ಕಂದು. ಬಿಸಿಲು, ಎಣ್ಣೆ, ಕಾಲಿನ ಬೆವರು ಕೂಡಿ ವರ್ಷದೊಳಗೆ ಅದು ಕೆಂಗಂದಾಗುತ್ತದೆ. ಹಳೆಯ ರೈತರ ಜೋಡು ಎರಡು ಕಿಲೋದವರೆಗೂ ತೂಗುತ್ತಿತ್ತು. ನಡೆದರೆ ಜಿರ್ ಜಿರ್ ಸದ್ದು, ಕತ್ತಲಲ್ಲಿ ಹಾವು ಚೇಳು ಸರಿದುಹೋಗಲಿ ಎಂದು. ಯಜಮಾನರು ಓಣಿಗೆ ಬಂದದ್ದು ತಿಳಿಯಲಿ ಎಂಬುದೂ ಅದರಲ್ಲಿ ಸೇರಿತ್ತು ಎಂದು ನನ್ನ ಗುಮಾನಿ.

ಇನ್ನು ಮಾರಾಟ. ಕಸುಬಿನ ನೋವೆಲ್ಲ ಇರುವುದು ಇಲ್ಲಿ.

ಮೊದಲನೆಯದು ಮಳೆ. ಜೂನ್‌ನಿಂದ ನಾಲ್ಕು ತಿಂಗಳು ಚರ್ಮ ಒಣಗುವುದಿಲ್ಲ, ಒಣಗಿದ್ದಕ್ಕೆ ಬೂಷ್ಟು ಹಿಡಿಯುತ್ತದೆ, ಗಿರಾಕಿಯೂ ಈ ಚಪ್ಪಲಿ ಕೊಳ್ಳುವುದಿಲ್ಲ. ಹೊಟ್ಟೆಗೆ ಮಾತ್ರ ರಜೆಯಿಲ್ಲ. ಆಗ ವ್ಯಾಪಾರಿಯ ಹತ್ತಿರ ಮುಂಗಡ ತರಬೇಕು. ಚರ್ಮವೂ ಉದ್ರಿಯ ಮೇಲೆ ಅವನಿಂದಲೇ. ದೀಪಾವಳಿಗೆ, ಮದುವೆ ಹಂಗಾಮಿಗೆ ಮಾಲು ತಯಾರಾದಾಗ ದರ ಹೇಳುವವನು ಮುಂಗಡ ಕೊಟ್ಟವನು. ಮಾತಿಗೆ ಒಂದು ಲೆಕ್ಕ ಹಾಕೋಣ. ಪೇಟೆಯಲ್ಲಿ ನೀವು ಒಂದು ಜೋಡಿಗೆ 1,200 ರೂಪಾಯಿ ಕೊಟ್ಟಿರಿ. ಅದರಲ್ಲಿ ಅಂಗಡಿಯ ಬಾಡಿಗೆ, ಅಂಗಡಿಯವರ ಲಾಭ, ಸಗಟು ವ್ಯಾಪಾರಿಯ ಪಾಲು, ಸಾಗಣೆ, ತೆರಿಗೆ ಕಳೆಯಿರಿ. ಉಳಿದದ್ದರಲ್ಲಿ ಚರ್ಮದ ಬೆಲೆ, ಹಿಂದಿನ ಉದ್ರಿಯ ಕಂತು ಕಳೆಯಿರಿ. ಇನ್ನೂ ಉಳಿದದ್ದು ಗಂಡ, ಹೆಂಡತಿ, ಅಜ್ಜಿ ಮೂವರ ಕೂಲಿ. ಎಷ್ಟು ಉಳಿಯಿತು ಎಂದು ನೀವೇ ಹೇಳಿ.

ಎರಡನೆಯದು ಚರ್ಮವೇ. ಊರೂರಿಗೆ ಇದ್ದ ಹದ ಮಾಡುವ ತೊಟ್ಟಿಗಳು ಕಡಿಮೆಯಾಗಿವೆ. ನಾತದ ಕೆಲಸ, ಮರ್ಯಾದೆಯಿಲ್ಲದ ಕೆಲಸ ಎಂದು ಡೋಹರರ ಮಕ್ಕಳು ಬಿಟ್ಟರು. ಬಿಟ್ಟದ್ದು ತಪ್ಪೆಂದು ಹೇಳುವ ಹಕ್ಕು, ಆ ತೊಟ್ಟಿಯ ಹತ್ತಿರವೂ ಸುಳಿಯದ ನಮಗಿಲ್ಲ. ಮಹಾರಾಷ್ಟ್ರದಲ್ಲಿ 2015ರಲ್ಲಿ, ನಮ್ಮಲ್ಲಿ 2021ರಲ್ಲಿ ಜಾನುವಾರು ಹತ್ಯೆಯ ಕಾನೂನು ಬಿಗಿಯಾದ ಮೇಲೆ ಹತ್ತಿರದಲ್ಲಿ ತೊಗಲು ಸಿಗುವುದು ಇನ್ನೂ ಕಷ್ಟವಾಗಿದೆ ಎಂಬುದು ಕೆಲಸಗಾರರ ಮಾತು. ಈಗ ಬೇಕಾದ ಚರ್ಮ ಹೆಚ್ಚಾಗಿ ತಮಿಳುನಾಡಿನ ಕಡೆಯಿಂದ ಬರುತ್ತದೆ.

ಮೂರನೆಯದು ನಕಲು. ರೆಕ್ಸಿನ್ ಪಟ್ಟಿ, ಒಳಗೆ ರಟ್ಟು, ಸುತ್ತ ಅಂಟು, ಮೇಲೊಂದು ಜಡೆಯ ಆಕಾರದ ಅಚ್ಚು. ದೂರದಿಂದ ನೋಡಿದರೆ ಕೊಲ್ಹಾಪುರಿಯೇ. ಸಂತೆಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

‘ಎಷ್ಟ್ರೀ ಇದು?’

‘ಹದಿನಾಕ್ ನೂರ್ ರೀ.’

‘ಏ, ಆ ಕಡೆ ಅಂಗಡ್ಯಾಗ ನಾನೂರಕ್ಕ ಕೊಡಾಕತ್ತಾರಲ್ರೀ!’

‘ಕೊಡ್ತಾರ್ರೀ ಯಜಮಾನ್ರ. ಎರಡೂ ತಿರುವಿ ಹಾಕಿ ನೋಡ್ರಿ, ಆಮ್ಯಾಲ ನೀವ ಹೇಳ್ರಿ.’

ಯಜಮಾನರು ತಿರುವಿ ನೋಡುವುದಿಲ್ಲ, ನಾನೂರರ ಕಡೆಗೆ ಹೋಗುತ್ತಾರೆ. ನೀವಾದರೂ ನೋಡಿ. ಅಟ್ಟೆಯ ಅಂಚಿನಲ್ಲಿ ಪದರಗಳು ಎಣಿಸಲು ಬರುವಂತಿರಬೇಕು. ಸುತ್ತಲಿನ ಹೊಲಿಗೆ ಚರ್ಮದ ಬಾರಿನದಾಗಿರಬೇಕು. ಅಟ್ಟೆಯ ಕೆಳಮೈಗೆ ಒಂದು ಹನಿ ನೀರು ಬಿಡಿ. ತೊಗಟೆಯಲ್ಲಿ ಹದವಾದ ಚರ್ಮವಾದರೆ ನೀರನ್ನು ಹೀರಿಕೊಂಡು ಅಷ್ಟು ಜಾಗ ಕಪ್ಪಾಗುತ್ತದೆ, ಪ್ಲಾಸ್ಟಿಕ್ಕಾದರೆ ಹನಿ ಹಾಗೇ ಜಾರುತ್ತದೆ. ಅಂಗಡಿಯವರು ಬೈದರೆ ನನ್ನ ಹೆಸರು ಹೇಳಿ. ಮೊದಲ ವಾರ ಉಂಗುಟ ಕಚ್ಚಿದರೆ ಗಾಬರಿಯಾಗಬೇಡಿ, ರಾತ್ರಿ ಅದಕ್ಕೆ ನಾಲ್ಕು ಹನಿ ಹರಳೆಣ್ಣೆ ತಿಕ್ಕಿಡಿ. ನೆನೆದರೆ ಒಲೆಯ ಮುಂದೆ ಇಡಬೇಡಿ, ನೆರಳಿನ ಗಾಳಿಗೆ ಇಡಿ.

ಒಳ್ಳೆಯ ಪ್ರಯತ್ನಗಳೇ ಆಗಿಲ್ಲ ಎಂದಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆ ಅಥಣಿಗೆ ಬಂತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ತಾಂತ್ರಿಕ ನೆರವೂ ಸೇರಿತು. ಹೆಂಗಸರ ಸ್ವಸಹಾಯ ಗುಂಪುಗಳು ಕೂಡಿ ಟೋಹೋಲ್ಡ್ ಎಂಬ ಹೆಸರಿನಲ್ಲಿ ಚಪ್ಪಲಿ ಮಾರತೊಡಗಿದವು. ನಿಖರವಾದ ಅಳತೆ, ಹೊಸ ಬಣ್ಣ, ಹೊಸ ವಿನ್ಯಾಸ ಬಂದು ಮಾಲು ಹೊರದೇಶಕ್ಕೂ ಹೋಯಿತು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ರಫ್ತಲ್ಲ. ಜಡೆ ಹೆಣೆಯುವ ಹೆಂಗಸಿನ ಹೆಸರಿಗೆ ಬ್ಯಾಂಕಿನ ಪಾಸ್‌ಬುಕ್ ಬಂತು, ಅದು. ಸರ್ಕಾರದ ಕಡೆಯಿಂದ 1976ರಲ್ಲಿ ಶುರುವಾದ ಲಿಡ್ಕರ್, ಅಂದರೆ ಇಂದಿನ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವಿದೆ. 2023ರಲ್ಲಿ ನಟ ಧನಂಜಯ ಅದರ ರಾಯಭಾರಿಯಾದ ಮೇಲೆ ಹೆಸರು ಹೊಸಬರ ಕಿವಿಗೂ ಬಿದ್ದಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವುದೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5 ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಮಳೆಗಾಲದ ಮುಂಗಡದ ಕುಣಿಕೆಯಿಂದ ಪಾರಾಗಲು ಇದು ಉಪಯೋಗಕ್ಕೆ ಬಂದೀತು, ಬ್ಯಾಂಕಿನವರು ಓಡಾಡಿಸದಿದ್ದರೆ.

ಇನ್ನು ಎಲ್ಲರೂ ಕೇಳಿದ ಸುದ್ದಿ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಪ್ರದರ್ಶನದಲ್ಲಿ ರೂಪದರ್ಶಿಗಳು ತೊಟ್ಟು ಬಂದದ್ದು ನಮ್ಮ ಚಪ್ಪಲಿಯಂಥದ್ದೇ. ಎಲ್ಲಿಯದು ಎಂಬ ಮಾತೇ ಮೊದಲು ಇರಲಿಲ್ಲ. ಗದ್ದಲವಾದ ಮೇಲೆ, ಭಾರತದ ಸಾಂಪ್ರದಾಯಿಕ ಪಾದರಕ್ಷೆಯಿಂದ ಪ್ರೇರಣೆ ಪಡೆದದ್ದು ಎಂದು ಕಂಪನಿ ಒಪ್ಪಿಕೊಂಡಿತು. ಮುಂಬೈ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು. ಕೇಳಲು ಬಂದವರು ಕೊಲ್ಹಾಪುರಿ ಎಂಬ ಹೆಸರಿನ ನೋಂದಾಯಿತ ಹಕ್ಕುದಾರರಲ್ಲ ಎಂಬುದು ಮುಖ್ಯ ಕಾರಣ. ಡಿಸೆಂಬರಿನಲ್ಲಿ ಕಂಪನಿ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೆ ಬಂತು. ಇಲ್ಲಿಯೇ ಸುಮಾರು 2,000 ಜೋಡಿ ಮಾಡಿಸುತ್ತೇವೆ, ಜೋಡಿಗೆ ಸುಮಾರು 800 ಯೂರೋ ಎಂದು ಸುದ್ದಿಯಾಯಿತು. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲಕ್ಷಕ್ಕೂ ಮೇಲೆ.

ನನಗೆ ಪ್ರಾಡಾ ಮೇಲೆ ಸಿಟ್ಟು ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಮಾಡಿದವರ ಹೆಸರು ಹೇಳದೆ ಮಾರಿದರು ಎಂಬುದು ಅವರ ಮೇಲಿನ ದೂರು. ನಾವು ಅಥಣಿಯ ಮಾಲಿನ ಮೇಲೆ ಯಾವತ್ತು ಅಥಣಿಯ ಹೆಸರು ಬರೆದಿದ್ದೆವು? ಮದಭಾವಿಯಲ್ಲಿ ಹೊಲಿದದ್ದು ಲಾರಿ ಹತ್ತಿ ಕೊಲ್ಹಾಪುರಕ್ಕೆ ಹೋಗಿ, ಅಲ್ಲಿಯ ಅಂಗಡಿಯ ಮುದ್ರೆ ಒತ್ತಿಸಿಕೊಂಡು ಬೆಂಗಳೂರಿಗೆ ಬರುತ್ತದೆ. ಅದನ್ನು ಇಲ್ಲಿ ಕನ್ನಡಿಗರು ‘ಅಸಲಿ ಕೊಲ್ಹಾಪುರದ್ದು’ ಎಂದು ಖುಷಿಯಿಂದ ಕೊಳ್ಳುತ್ತಾರೆ. ಈ ಸರಕಿಗೆ ಅದರ ಹೆಸರಿಗಿಂತ ಹೆಚ್ಚಾಗಿ ಮಾಡಿದವರ ವಿಳಾಸ ಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ.

ವಿಳಾಸ ಬರೆಯುವ ದಾರಿ ಈಗಾಗಲೇ ಕಾನೂನಿನಲ್ಲಿದೆ. ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. 2019ರಲ್ಲಿ ಇದು ದೊಡ್ಡ ಸುದ್ದಿಯಾಗಿತ್ತು. ಹಕ್ಕು ಎರಡು ರಾಜ್ಯಗಳ ನಿಗಮಗಳ ಹೆಸರಿನಲ್ಲಿದೆ. ಅಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಇಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು. ಈ ಎಂಟರ ಹೊರಗೆ ಮಾಡಿದ್ದನ್ನು ಆ ಹೆಸರಲ್ಲಿ ಮಾರುವಂತಿಲ್ಲ. ಆದರೆ ನಿಗಮದ ಹೆಸರಲ್ಲಿ ಹಕ್ಕು ಇದ್ದ ಮಾತ್ರಕ್ಕೆ ಪಡಸಾಲೆಯಲ್ಲಿ ಕೂತವನಿಗೆ ತಾನಾಗಿ ಏನೂ ಬರುವುದಿಲ್ಲ. ಅವನು ಅಧಿಕೃತ ಬಳಕೆದಾರ ಎಂದು ತನ್ನ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ಆಗ ಜಿಐ ಗುರುತನ್ನು ತನ್ನ ಮಾಲಿನ ಮೇಲೆ ತಾನೇ ಹಾಕಬಹುದು, ಅದರ ಪಕ್ಕದಲ್ಲಿ ತನ್ನ ಊರನ್ನೂ ಬರೆಯಬಹುದು. ನಕಲು ಮಾಡಿದವರ ಮೇಲೆ ನ್ಯಾಯ ಕೇಳಲು ಹೋದರೆ ‘ನೀನು ಯಾರು’ ಎಂಬ ಪ್ರಶ್ನೆಗೆ ಉತ್ತರವೂ ಇರುತ್ತದೆ.

ಚಪ್ಪಲಿ ಮಾಡುವ ಮನೆಗಳಲ್ಲಿ ಓದಿದ ಮಕ್ಕಳು ಈಗ ಬೇಕಾದಷ್ಟು ಜನ ಇದ್ದಾರೆ. ಅಪ್ಪನ ಕಸುಬು ಮುಂದುವರಿಸಿ ಎಂದು ಅವರಿಗೆ ನಾನು ಹೇಳುವುದಿಲ್ಲ. ಅದು ಅವರ ಇಷ್ಟ. ಅಪ್ಪನ ಹೆಸರಲ್ಲಿ, ಅವ್ವನ ಹೆಸರಲ್ಲಿ ಒಂದೊಂದು ಅರ್ಜಿ ತುಂಬಿ ಕಳಿಸಿ ಎಂದು ಕೇಳಿಕೊಳ್ಳುತ್ತೇನೆ. ಜಿಐ ನೋಂದಣಿ ಕಚೇರಿ ಚೆನ್ನೈನಲ್ಲಿದೆ. ಅಧಿಕೃತ ಬಳಕೆದಾರರಾಗಲು ಮೊದಲು ಇದ್ದ ಅರ್ಜಿ ಶುಲ್ಕ 500 ರೂಪಾಯಿ. 2020ರ ತಿದ್ದುಪಡಿಯ ನಂತರ ಅದು ಬರೀ 10 ರೂಪಾಯಿ.